ನೀನು ಆಡದ ಪಂದ್ಯ

ಶೆರ್ಬರ್ಗ್
ಫೆಬ್ರುವರಿ ೨೩, ಮಂಗಳವಾರ

ಪ್ರೀತಿಯ ಮಗ ಡಾಲ್ಟನ್‌ಗೆ,

ಅಮ್ಮನ ಮುತ್ತು, ಆಶೀರ್ವಾದ. ನಾನೂ ಅಪ್ಪನೂ ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ನೀನು ಹೇಗಿದ್ದೀಯ? ತಲೆನೋವು ನಿಂತಿತೇ? ಇದನ್ನು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಕೇಳಿಬಿಟ್ಟೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹತ್ತು ದಿನದಲ್ಲಿ ಮೂರು ಸಲ ಕೂತು ಬರೆದೆ. ಎರಡನ್ನು ನಾನೇ ಹರಿದೆ, ಮೂರನೆಯದರ ಮೇಲೆ ನಿಮ್ಮಪ್ಪ ಚಹಾ ಲೋಟ ಇಟ್ಟ, ಅದೂ ಹೋಯಿತು. ಫೋನು ಎಷ್ಟು ಸಲ ಮಾಡಿದೆ ಅಂತ ನಿನ್ನ ಫೋನಿಗೇ ಗೊತ್ತು. ನೀನು ಎತ್ತಲಿಲ್ಲ. ಎತ್ತಿದ್ದರೂ ನಾನು ಅಳುತ್ತಿದ್ದೆ, ನೀನು ಕೂಗುತ್ತಿದ್ದೆ. ಕಾಗದಕ್ಕೆ ಆ ತಾಪತ್ರಯ ಇಲ್ಲ. ಕೋಪ ಬಂದರೆ ಮಡಚಿಟ್ಟು ನಾಳೆ ಓದು.

ಇಲ್ಲಿ ಬಿಸಿಲು ಇನ್ನೂ ಇಳಿದಿಲ್ಲ. ಮಳೆನೀರಿನ ತೊಟ್ಟಿ ಅರ್ಧಕ್ಕೆ ಬಂದಿದೆ, ಅಂಥದ್ದರಲ್ಲಿ ಮೊನ್ನೆ ನಿಮ್ಮಪ್ಪ ನಲ್ಲಿ ತಿರುಗಿಸಿಟ್ಟು ಮರೆತು ಅಂಗಳ ಕೆಸರು ಮಾಡಿದ. ಎಲ್ವಾ ಚಿಕ್ಕಮ್ಮ ದಿನಕ್ಕೊಂದು ಸಲ ಬಂದು ಹೋಗುತ್ತಾಳೆ, ನನ್ನನ್ನು ಬೈಯುವುದಕ್ಕೆ ಒಂದು ಕಡೆಯಿಂದ, ಅಡುಗೆ ಮಾಡಿಕೊಡುವುದಕ್ಕೆ ಇನ್ನೊಂದು ಕಡೆಯಿಂದ. ನಿನ್ನೆ ಕಾಂಗರೂ ಬಾಲದ ಸಾರು ತಂದಿದ್ದಳು. ನೀನಿದ್ದಿದ್ದರೆ ಪಾತ್ರೆ ತೊಳೆಯುವ ಕೆಲಸ ಇರುತ್ತಿರಲಿಲ್ಲ.

ಪಂದ್ಯವನ್ನು ನೀನು ನೋಡಲಿಲ್ಲವಂತೆ. ರಾಕ್‌ಹ್ಯಾಂಪ್ಟನ್‌ನಲ್ಲಿ ನಿನ್ನ ಗೆಳೆಯ ಮಾರನೆಯ ದಿನ ಅದನ್ನು ಟೀವಿಯಲ್ಲಿ ಹಾಕಿದ್ದಕ್ಕೆ ಗಾಳ ಎತ್ತಿಕೊಂಡು ನದಿಗೆ ಹೋದೆಯಂತೆ. ಹಾಗಾಗಿ ಪಂದ್ಯದ ಕಥೆ ಬರೆಯುತ್ತೇನೆ. ಅದಕ್ಕೂ ಮೊದಲು ನಾನು ಏನು ಮಾಡಿದೆ, ಯಾವಾಗ ಮಾಡಿದೆ ಅನ್ನುವುದನ್ನು ಬರೆಯಬೇಕು. ನಿನಗೆ ಅದೆಲ್ಲ ಡಾಕ್ಟರ ಬಾಯಿಂದ ಗೊತ್ತಾಗಿದೆ. ಒಂದು ಸಲ ನನ್ನ ಬಾಯಿಂದಲೂ ಕೇಳು. ಗೊತ್ತಿರುವುದನ್ನೇ ಹೇಳುತ್ತಿದ್ದಾಳೆ ಅನ್ನಬೇಡ. ನನಗೆ ಮೊದಲಿಂದ ಹೇಳಿದರೆ ಮಾತ್ರ ಕೊನೆ ಮುಟ್ಟಲು ಆಗುತ್ತದೆ.

ನಿನ್ನನ್ನು ತಂಡಕ್ಕೆ ಆರಿಸಿದ್ದಾರೆ ಎಂಬ ಸುದ್ದಿ ಬಂದಾಗ ನೀನು ರಸ್ತೆ ಕೆಲಸದಲ್ಲಿದ್ದೆ. ಡಾಂಬರು ಮೆತ್ತಿದ ಕೈಯಲ್ಲೇ ಫೋನು ಮಾಡಿ, "ಅಮ್ಮಾ, ಕೂತ್ಕೋ" ಅಂದೆ. "ಯಾರು ಸತ್ರು?" ಅಂದೆ ನಾನು. ನಮ್ಮಲ್ಲಿ ಯಾರಾದರೂ ಕೂತ್ಕೋ ಅಂದರೆ ಅದೇ ತಾನೆ. "ಯಾರೂ ಸತ್ತಿಲ್ಲಮ್ಮ, ನಾನು ನಮ್ಮ ಜನರ ತಂಡಕ್ಕೆ ಆಡ್ತೀನಿ. ಏಳನೇ ನಂಬರ್" ಅಂದೆ. ಇಪ್ಪತ್ತೊಂಬತ್ತು ವರ್ಷದವನು, ಹನ್ನೊಂದು ವರ್ಷದಿಂದ ವಾರವೆಲ್ಲ ರಸ್ತೆ ಹಾಕಿ ಶನಿವಾರ ಎರಡನೇ ದರ್ಜೆಯ ಮೈದಾನಗಳಲ್ಲಿ ರಗ್ಬಿ ಆಡಿದವನು. ದೊಡ್ಡ ಆಟಗಾರರಿಬ್ಬರ ಮಂಡಿಗೆ ಪೆಟ್ಟಾಗಿ ನಿನ್ನ ಸರದಿ ಬಂದಿತ್ತು. ಹೇಗಾದರೇನು, ಬಂದಿತ್ತು. ಒಂದು ಕಡೆ ಈ ನೆಲದ ಮೂಲನಿವಾಸಿಗಳು, ನಮ್ಮವರು, ಎದುರಿಗೆ ಪ್ರಪಂಚದ ದೇಶದೇಶಗಳಿಂದ ಆರಿಸಿದ ತಂಡ. ಲೆಕ್ಕಕ್ಕಿಲ್ಲದ ಪಂದ್ಯ ಅಂತ ಪೇಪರಿನವರು ಬರೆಯುತ್ತಾರೆ, ಪಟ್ಟಿಯಲ್ಲಿ ಅಂಕ ಸೇರುವುದಿಲ್ಲ ಅಂತ. ನಮ್ಮ ಬೀದಿಯಲ್ಲಿ ನಿಂತು ಹಾಗೆ ಹೇಳಿದರೆ ಅವರ ಗತಿ ಏನಾಗುತ್ತದೋ ನೋಡಬೇಕು.

ಆಮೇಲೆ ಜನವರಿಯ ಕೊನೆಯ ಶನಿವಾರ ಆ ಅಭ್ಯಾಸ ಪಂದ್ಯ. ಹಳ್ಳಿಯ ಮೈದಾನ, ಡಾಕ್ಟರಿಲ್ಲ, ಕ್ಯಾಮೆರಾ ಇಲ್ಲ. ಮೂರು ದಿನ ಕಳೆದು ನೀನು ಮನೆಗೆ ಬಂದೆ, ಶಿಬಿರಕ್ಕೆ ಹೋಗುವ ಮೊದಲು ನಾಲ್ಕು ದಿನ ಇರುತ್ತೇನೆ ಅಂದೆ. ಮೊದಲ ದಿನವೇ ನನಗೆ ಏನೋ ತಪ್ಪಿದಂತೆ ಕಂಡಿತು. ನೀನು ಹಗಲು ಹೊತ್ತಿನಲ್ಲಿ ಪರದೆ ಎಳೆದು ಕೂತೆ. ಪಕ್ಕದ ಮನೆಯ ನಾಯಿ ಸತ್ತ ಕಥೆಯನ್ನು ನಾನು ಬೆಳಿಗ್ಗೆ ಹೇಳಿದೆ, ಮಧ್ಯಾಹ್ನ ನೀನು "ಆ ನಾಯಿ ಎಲ್ಲಮ್ಮಾ, ಕಾಣಲ್ವಲ್ಲ?" ಅಂದೆ. ಮಾರನೆಯ ದಿನ ಬಟ್ಟೆ ಒಣಹಾಕಲು ಹೋದವಳು ತೊಟ್ಟಿಯ ಹಿಂದೆ ನೀನು ಬಗ್ಗಿ ವಾಂತಿ ಮಾಡುವುದನ್ನು ನೋಡಿದೆ.

"ಕಿವಿ ಮೇಲೆ ಯಾರ್ದೋ ಮೊಣಕಾಲು ತಾಗ್ತು ಅಷ್ಟೆ" ಅಂದೆ.

"ತಂಡದೋರಿಗೆ ಹೇಳಿದ್ಯಾ?"

"ಹೇಳಿದ್ರೆ ಮನೇಲಿ ಕೂರಿಸ್ತಾರೆ. ಅಮ್ಮಾ, ಒಂದೇ ಒಂದು ಪಂದ್ಯ. ಎಂಬತ್ತು ನಿಮಿಷ. ಆಮೇಲೆ ತಿಂಗಳಾನುಗಟ್ಲೆ ಮಲಗ್ತೀನಿ, ನೀನೇ ಎಬ್ಸು ಅಂದ್ರೂ ಏಳಲ್ಲ. ಯಾರಿಗೂ ಹೇಳಲ್ಲ ಅನ್ನು."

ಹೇಳಲ್ಲ ಅಂದೆ. ನಿನ್ನ ಬಾಯಿ ಒರೆಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಹೇಳಲ್ಲ ಅಂದೆ. ಅದು ಸುಳ್ಳು ಮಾತಾಗಿರಲಿಲ್ಲ ಮಗಾ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಪಂದ್ಯದ ಹಿಂದಿನ ಸಂಜೆ ಹುಡುಗರಿಗೆ ಜರ್ಸಿ ಹಂಚುವುದಕ್ಕೆ ಹಳೆಯ ಆಟಗಾರನಾಗಿ ನಿಮ್ಮಪ್ಪ ಬರಬೇಕು ಅಂತ ತಂಡದ ಮ್ಯಾನೇಜರು ಫೋನು ಮಾಡಿದಾಗ ನಾನು ಮುಚ್ಚುಮರೆ ಮಾಡಲಿಲ್ಲ. "ಡಾರ್ಸಿಗೆ ಈಗ ನೆನಪು ನಿಲ್ಲಲ್ಲಪ್ಪ. ಆಟದಲ್ಲಿ ತಲೆಗೆ ಬಿದ್ದ ಏಟುಗಳಿಂದ ಹೀಗಾಗಿದೆ ಅಂತಾರೆ ಡಾಕ್ಟ್ರು. ಒಂದೊಂದ್ಸಲ ನನ್ನೇ ಯಾರು ಅಂತ ಕೇಳ್ತಾನೆ" ಅಂದೆ. "ನಮ್ಮನೇಲೂ ಅಂಥ ಹಿರಿಯರಿದ್ದಾರೆ ಆಂಟಿ, ನಾವು ನೋಡ್ಕೋತೀವಿ. ಡಾರ್ಸಿ ಅಂಕಲ್ ಆಟ ನಮ್ಮಪ್ಪ ಇವತ್ತಿಗೂ ಹೇಳ್ತಾರೆ" ಅಂದ. ಅಷ್ಟು ಹೇಳಿದ ಮೇಲೆ ಬೇಡ ಅನ್ನುವುದು ಹೇಗೆ?

ಶುಕ್ರವಾರ ಎಲ್ವಾಳ ಕಾರಿನಲ್ಲಿ ಬ್ರಿಸ್ಬೇನ್‌ಗೆ ಹೊರಟೆವು. ದಾರಿಯುದ್ದಕ್ಕೂ ನಿಮ್ಮಪ್ಪ, "ಎಲ್ಲಿಗೆ?" ಅಂತ ಕೇಳುವುದು, ಎಲ್ವಾ, "ನಿನ್ನ ಮದುವೆಗೆ ಕಣೋ, ಹೆಣ್ಣು ಓಡಿಹೋಗೋ ಮುಂಚೆ ತಲುಪ್ಬೇಕು" ಅನ್ನುವುದು. ಅವನಿಗೆ ಪ್ರತಿ ಸಲವೂ ಹೊಸದಾಗಿ ನಗು ಬರುತ್ತಿತ್ತು. ಎಲ್ವಾಳಿಗೆ ಆ ಒಂದು ಜೋಕು ಮೂರೂವರೆ ಗಂಟೆ ಸಾಕಾಯಿತು.

ಸಂಜೆ ಹೋಟೆಲಿನ ಹಾಲ್‌ನಲ್ಲಿ ನಡೆದದ್ದು ನೀನೂ ನೋಡಿದ್ದೀಯ. ಆದರೆ ನೀನು ಸಾಲಿನಲ್ಲಿ ನಿಂತಿದ್ದೆ, ನಾನು ಕುರ್ಚಿಯಲ್ಲಿ ಕೂತಿದ್ದೆ, ನನಗೆ ಇಬ್ಬರೂ ಕಾಣುತ್ತಿದ್ದಿರಿ. ಮೊದಲ ಆರು ಜರ್ಸಿ ಎಷ್ಟು ಚಂದ ಕೊಟ್ಟ. ಒಬ್ಬೊಬ್ಬರ ಕೈ ಹಿಡಿದು, "ಯಾರ ಮಗ? ಯಾವ ಕಡೆಯೋರು?" ಅಂತ ಕೇಳಿದ, ಹುಡುಗರು ತಮ್ಮ ಅಜ್ಜಂದಿರ ಹೆಸರು ಹೇಳಿದರು, "ಗೊತ್ತು ಗೊತ್ತು, ಒಳ್ಳೆ ಜನ" ಅಂದ. ಅವನಿಗೆ ನಿಜವಾಗಿ ಗೊತ್ತಿತ್ತೋ ಏನೋ. ಏಳನೆಯದು ಕೈಗೆ ಬಂದಾಗ ಬಟ್ಟೆ ಬಿಡಿಸಿ ಅಂಕಿ ನೋಡಿದ. ಎದೆಗೆ ಒತ್ತಿಕೊಂಡ.

"ಇದು ನಂದು" ಅಂದ.

ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು.

"ಅಪ್ಪಾ, ನಾನು ಡಾಲ್ಟನ್" ಅಂದೆ ನೀನು.

"ಯಾರಾದ್ರೂ ಆಗಿರು. ಏಳು ನಂದು. ನಾಳೆ ನಾನು ಆಡ್ಬೇಕು."

ಮ್ಯಾನೇಜರು ಒಂದು ಹೆಜ್ಜೆ ಮುಂದೆ ಬಂದ, ನೀನು ಕೈ ಎತ್ತಿ ತಡೆದೆ. "ನೀನೇ ಆಡಪ್ಪ, ಯಾರು ಬೇಡ ಅಂದ್ರು? ಇವತ್ತು ಒಂದಿನ ನಾನು ಹಾಕ್ಕೊಂಡು ನೋಡ್ಲಾ? ಅಳತೆ ಸರಿ ಇದ್ಯಾ ಅಂತ" ಅಂದೆ. ಅವನು ಯೋಚನೆ ಮಾಡಿದ. ಕೊಟ್ಟ. "ಹರೀಬೇಡ" ಅಂದ. ಆಗ ನಿನ್ನ ತಂಡದ ಅಷ್ಟು ದೊಡ್ಡ ಗಂಡಸರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಇಷ್ಟು ಜಾಣತನ ಎಲ್ಲಿಂದ ಬಂತು ಅಂದುಕೊಂಡೆ.

ಆಮೇಲೆ ಫೋಟೋ ತೆಗೆದರು. ಆ ಬೆಳಕು ಮಿಂಚಿದ ಕೂಡಲೇ ನೀನು ಮುಖ ತಿರುಗಿಸಿದೆ. ಕಣ್ಣು ಮುಚ್ಚಿ, ಬಲಗೈಯನ್ನು ಹಿಂದಕ್ಕೆ ಚಾಚಿ ಗೋಡೆ ಹುಡುಕಿದೆ. ಅಲ್ಲಿ ಗೋಡೆ ಇರಲಿಲ್ಲ. ಪಕ್ಕದಲ್ಲಿದ್ದವನ ಭುಜ ಸಿಕ್ಕಿತು, ಅಪ್ಪಿಕೊಂಡವನ ಹಾಗೆ ನಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ನಿನ್ನ ಇನ್ನೊಂದು ಪಕ್ಕದಲ್ಲಿ ನಿಮ್ಮಪ್ಪ ನಿಂತಿದ್ದ, ಯಾರೋ ಹಿಂದಿನಿಂದ ಕರೆದು ಆಮೇಲೆ ಸುಮ್ಮನಾದರೆ ಮನುಷ್ಯ ಹೇಗೆ ನಿಲ್ಲುತ್ತಾನೋ ಹಾಗೆ. ನೀನೂ ಆ ಕ್ಷಣ ಹಾಗೇ ನಿಂತಿದ್ದೆ. ಒಂದೇ ಫೋಟೋದಲ್ಲಿ ಇಬ್ಬರು.

ಬೆಳಿಗ್ಗೆ ಆರೂವರೆಗೆ ತಿಂಡಿಯ ಹಾಲ್‌ಗೆ ಇಳಿದು ಹೋದೆ. ತಂಡದ ಡಾಕ್ಟರು ರೊವೆನಾ ಒಬ್ಬಳೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ನಮ್ಮವಳೇ ಹುಡುಗಿ, ಉತ್ತರದ ಕಡೆಯವಳು. ಎದ್ದು ಕುರ್ಚಿ ಎಳೆದುಕೊಟ್ಟಳು.

"ನಿಮ್ಮ ಆಟಗಾರನೊಬ್ಬನ ತಲೆಗೆ ಎರಡು ವಾರದ ಹಿಂದೆ ಏಟು ಬಿದ್ದಿದೆ. ನಿಮ್ಗೆ ಹೇಳಿಲ್ಲ" ಅಂದೆ.

ಚಾಕು ಕೆಳಗಿಟ್ಟಳು. "ಆಂಟಿ, ಮುಂದಿನ ಮಾತು ಯೋಚನೆ ಮಾಡಿ ಹೇಳಿ. ಯಾರು ಅಂತ ನನ್ನ ಕಿವಿಗೆ ಬಿದ್ರೆ ಬಿದ್ದ ಹಾಗೇ. ಆಮೇಲೆ ನೀವೇ ಬೇಡ ಅಂದ್ರೂ ನಾನು ಬಿಡೋ ಹಾಗಿಲ್ಲ."

"ಏಳು" ಅಂದೆ.

ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಅಂಕಿ ಹೇಳಿದೆ.

"ನೀವು ಒಂದು ಲೋಟ ಚಹಾ ಕುಡೀರಿ" ಅಂತ ಹೇಳಿ ಎದ್ದು ಹೋದಳು. ನಾನು ಕುಡಿಯಲಿಲ್ಲ. ಅವಳ ಕೋಣೆಯ ಹೊರಗೆ ನಿಂತೆ. ಒಳಗೆ ನಿನ್ನನ್ನು ಒಂಟಿ ಕಾಲಲ್ಲಿ ನಿಲ್ಲಿಸಿದಳಂತೆ, ತಿಂಗಳುಗಳನ್ನು ಹಿಂದಿನಿಂದ ಹೇಳು ಅಂದಳಂತೆ. ಡಿಸೆಂಬರಿಂದ ಶುರುಮಾಡಿ ಆಗಸ್ಟಿನ ತನಕ ಬಂದು ನಿಂತುಬಿಟ್ಟೆಯಂತೆ. ಮೂರು ಸಲವೂ ಆಗಸ್ಟಿನಲ್ಲೇ. ಇದು ಅವಳು ಆಮೇಲೆ ಹೇಳಿದ್ದು.

ನೀನು ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂದಾಗ ನಾನು ದಾರಿಗೆ ಅಡ್ಡ ನಿಂತಿದ್ದೆ.

"ಅಪ್ಪನ ತಲೆ ಹೋಯ್ತು ಅಂತ ನನ್ನ ಕಾಲು ಮುರಿದ್ಯಲ್ಲಮ್ಮಾ" ಅಂದೆ.

"ಒಂದ್ನಿಮಿಷ ಕೂತ್ಕೋ ಮಗಾ."

"ಯಾರಿಗೂ ಹೇಳಲ್ಲ ಅಂದಿದ್ದೆ."

"ಅಂದಿದ್ದೆ."

"ಹಾಗಾದ್ರೆ ಮುಗೀತು."

ಕೂಗಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಮೆಲ್ಲಗೆ ಹೇಳಿದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ತಿರುಗಿ ನೋಡಿದರೆ ನಿಮ್ಮಪ್ಪ, ಎರಡು ಕೈಯಲ್ಲೂ ಬಾಳೆಹಣ್ಣು ಹಿಡಿದು ನಿಂತಿದ್ದಾನೆ. "ಹುಡುಗ ಮೈದಾನಕ್ಕೆ ಹೊರಟ್ನಾ?" ಅಂದ. ಹೂಂ ಅಂದೆ.

ನಾವು ವಾಪಸು ಊರಿಗೆ ಹೊರಡುವುದು ಅಂತ ನಾನು ಹೇಳಿದೆ. ಎಲ್ವಾ ಒಪ್ಪಲಿಲ್ಲ. "ಇಲ್ಲಿಗಂಟ ಬಂದು ಮುಖ ಮುಚ್ಕೊಂಡು ಓಡೋಗೋದಾ? ಆ ಮನುಷ್ಯ ನಿನ್ನೆ ಜರ್ಸಿ ಹಂಚಿದಾನೆ. ಅವನಿಗೆ ಪಂದ್ಯ ತೋರ್ಸು. ನೀನು ಬೇಕಾದ್ರೆ ಕಣ್ಮುಚ್ಕೊಂಡು ಕೂತ್ಕೋ" ಅಂದಳು. ಕಾರು ಅವಳದು. ಹೋದೆವು.

ನಮ್ಮ ಮುಂದಿನ ಸಾಲಿನಲ್ಲಿ ಸಮೋವಾ ದ್ವೀಪದ ಒಬ್ಬ ಅಜ್ಜಿ ಕೂತಿದ್ದಳು, ಸೀನಾ ಅಂತ. ಅವಳ ಮೊಮ್ಮಗ ಎದುರಿನ ದೇಶದೇಶಗಳ ತಂಡದಲ್ಲಿ ಮೂರನೇ ನಂಬರು. ಬೆಟ್ಟದಂಥ ಆಳು. ನಮ್ಮ ಹುಡುಗರು ಆಟಕ್ಕೆ ಮುಂಚೆ ಹಿರಿಯರ ಪದ್ಧತಿಯಂತೆ ಮೈಗೆ ಬಿಳಿ ಮಣ್ಣು ಬಳಿದುಕೊಂಡು ನೆಲಕ್ಕೆ ಒದ್ದು ಕುಣಿದು ಮುಗಿಸಿದ ಮೇಲೆ ಆ ಅಜ್ಜಿ ತಿರುಗಿ, "ಕುಣಿತ ಚೆನ್ನಾಗಿದೆ. ಆದ್ರೆ ನಿಮ್ಮ ಹುಡುಗ್ರಿಗೆ ಊಟ ಹಾಕಲ್ವೇನ್ರಮ್ಮಾ? ಎಷ್ಟು ಸಣ್ಣಗಿದಾರೆ!" ಅಂದಳು.

ಎಲ್ವಾ ಬಿಡುತ್ತಾಳೆಯೇ? "ಹಾಕ್ತೀವಜ್ಜಿ. ಒಂದೊಂದು ತಟ್ಟೆ ಹಾಕ್ತೀವಿ. ನಿಮ್ಮ ಥರ ಒಂದೊಂದು ದನ ಹಾಕಲ್ಲ."

ಅಜ್ಜಿ ಹೊಟ್ಟೆ ಹಿಡಿದು ನಕ್ಕಳು. ಕೂಡಲೇ ಬುಟ್ಟಿ ಬಿಚ್ಚಿ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ ತೆಗೆದು ನಿಮ್ಮಪ್ಪನ ಕೈಗೆ ಕೊಟ್ಟಳು. ಎಂಬತ್ತು ನಿಮಿಷವೂ ಎಲ್ವಾ, ಅಜ್ಜಿ ಇಬ್ಬರೂ ಹೀಗೇ ಒಬ್ಬರನ್ನೊಬ್ಬರು ಬೈದುಕೊಂಡು, ತಿಂದುಕೊಂಡು ಕೂತರು. ನಾನು ಅವರ ಗಲಾಟೆಯ ನಡುವೆ ಕೂತು ನಿನ್ನ ಫೋನಿಗೆ ಕರೆ ಮಾಡುತ್ತಿದ್ದೆ.

ನಿನ್ನ ಜಾಗಕ್ಕೆ ಸೈಲಸ್ ಇಳಿದಿದ್ದ, ನಮ್ಮ ಉತ್ತರದ ದ್ವೀಪಗಳ ಕಡೆಯವನು, ಹೆಚ್ಚುವರಿ ಅಂತ ತಂಡದ ಜೊತೆ ಬಂದಿದ್ದನಲ್ಲ, ಅವನು. ಬೆನ್ನ ಮೇಲೆ ಏಳು. ನಿಮ್ಮಪ್ಪನಿಗೆ ಅಷ್ಟೇ ಸಾಕಿತ್ತು. ಎದ್ದು ನಿಂತು, "ಅಗೋ ನಮ್ಮ ಹುಡುಗ! ಡಾಲ್ಟನ್! ಎಡಕ್ಕೆ, ಎಡಕ್ಕೆ ಕೊಡೋ!" ಅಂತ ಕೂಗತೊಡಗಿದ. ಎಲ್ವಾ ನನ್ನ ಮುಖ ನೋಡಿದಳು. ನಾನು ಅವನನ್ನು ತಡೆಯಲಿಲ್ಲ. ವರ್ಷದಿಂದ ಅವನು ನಿನ್ನ ಹೆಸರನ್ನು ಅಷ್ಟು ಸರಿಯಾಗಿ ಕರೆದಿರಲಿಲ್ಲ. ಅಕ್ಕಪಕ್ಕದವರೂ ಅದನ್ನು ಕೇಳಿ "ಡಾಲ್ಟನ್! ಡಾಲ್ಟನ್!" ಅನ್ನಲು ಶುರು ಮಾಡಿದರು. ಅರ್ಧ ಸಾಲು ನಿನ್ನ ಹೆಸರು ಕೂಗಿತು ಮಗಾ. ನೀನು ಎಲ್ಲೋ ಬಸ್ಸಿನಲ್ಲಿದ್ದೆ.

ಎರಡನೇ ಅರ್ಧದಲ್ಲಿ ಸೀನಾ ಅಜ್ಜಿಯ ಮೊಮ್ಮಗ ಚೆಂಡು ಹಿಡಿದು ನೇರ ಏಳನೇ ನಂಬರಿನ ಮೇಲೇ ಓಡಿ ಬಂದ. ನನಗೆ ಕಣ್ಣು ಮುಚ್ಚಲು ಆಗಲಿಲ್ಲ. ಸೈಲಸ್ ತೀರ ಕೆಳಗೆ ಬಗ್ಗಿ ಮಂಡಿಯ ಹತ್ತಿರ ತಬ್ಬಿಕೊಂಡ, ಬೆಟ್ಟ ಉರುಳಿತು. ಸ್ಟೇಡಿಯಂ ಪೂರ್ತಿ ಎದ್ದು ಕೂಗಿತು. ನಾನೊಬ್ಬಳೇ ಕೂತಿದ್ದೆ. ಆಮೇಲೆ ಅದೇ ಸೈಲಸ್ ಮೂಲೆಯಲ್ಲಿ ಗೆರೆ ದಾಟಿ ಚೆಂಡು ನೆಲಕ್ಕೊತ್ತಿದ. ಆದರೂ ಕೊನೆಗೆ ಸೋತೆವು, ನಾಲ್ಕು ಅಂಕದಿಂದ. ನಿಮ್ಮಪ್ಪನಿಗೆ ಗೆದ್ದೆವು ಅಂತಲೇ ಇದೆ. ನೀನು ಮನೆಗೆ ಬಂದರೆ ಅದನ್ನು ತಿದ್ದಲು ಹೋಗಬೇಡ.

ಆಟ ಮುಗಿದ ಮೇಲೆ ಮನೆಯವರೆಲ್ಲ ಬೇಲಿಯ ಹತ್ತಿರ ಇಳಿದೆವು. ಸೈಲಸ್ ನಮ್ಮನ್ನು ಹುಡುಕಿಕೊಂಡೇ ಬಂದ. ಅವನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ ಎರಡೂ ಕೈಯಲ್ಲಿ ಅವನ ಮುಖ ಹಿಡಿದ. "ಆಡಿದೆ ಕಣೋ ಮಗನೇ. ನನಗಿಂತ ಚೆನ್ನಾಗಿ ಆಡಿದೆ" ಅಂದ.

ನಿಮ್ಮಪ್ಪ ಅಂಥ ಮಾತನ್ನು ನಿನಗೆ ಯಾವತ್ತೂ ಹೇಳಿದವನಲ್ಲ. ನನಗೆ ಗೊತ್ತು. ನೀನು ಎಷ್ಟು ವರ್ಷ ಅದಕ್ಕಾಗಿ ಕಾದೆ ಅಂತಲೂ ಗೊತ್ತು. ಹೇಳಿದ, ಆದರೆ ಬೇರೆಯವರ ಮಗನಿಗೆ ಹೇಳಿದ. ಅದಕ್ಕೂ ನಾನೇ ಕಾರಣ.

ಸೈಲಸ್ ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. "ಥ್ಯಾಂಕ್ಸ್ ಅಪ್ಪಾ" ಅಂದ ಅವನು. ಒಳ್ಳೆಯ ತಾಯಿ ಹೆತ್ತ ಹುಡುಗ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ಆಂಟಿ, ಡಾಲ್ಟನ್ ಅಣ್ಣ ಮಧ್ಯಾಹ್ನ ಬಸ್‌ಸ್ಟ್ಯಾಂಡಿಂದ ಫೋನ್ ಮಾಡಿದ್ರು. ಆ ಮೂರನೇ ನಂಬರ್‌ನೋನು ಬರೋವಾಗ ಎಡಗಾಲು ಮುಂದಿಡ್ತಾನೆ, ಮಂಡಿ ಹತ್ರ ಹಿಡಿ, ಮೇಲೆ ಹಿಡಿಯಕ್ಕೆ ಹೋದ್ರೆ ತಲೆ ಹೋಗುತ್ತೆ ಅಂದ್ರು. ಇಪ್ಪತ್ತು ನಿಮಿಷ ಮಾತಾಡಿದ್ರು. ಅವರು ಹೇಳ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

ಜರ್ಸಿ ಬಿಚ್ಚಿ ಕೊಡಲು ಬಂದ, ಅಣ್ಣಂಗೆ ಕೊಡಿ ಅಂತ. ನಾನು ಬೇಡ ಅಂದೆ. "ಬೆವರು ನಿಂದಪ್ಪ. ನಿನ್ನಮ್ಮಂಗೆ ತೋರ್ಸು." ತಪ್ಪು ಮಾಡಿದೆನೋ ಏನೋ. ನೀನಾಗಿದ್ದರೂ ತಗೊಳ್ಳುತ್ತಿರಲಿಲ್ಲ ಅಂತ ನನಗನ್ನಿಸಿತು. ಆ ಫೋನಿನ ವಿಷಯ ಕೇಳಿದ ಮೇಲೆ, ಬೆಳಗಿನಿಂದ ಏನೂ ತಿನ್ನದವಳು ಎರಡು ತುತ್ತು ತಿಂದೆ.

ಊರಿಗೆ ಬಂದ ಮೇಲಿನ ಕಥೆ ಹೆಚ್ಚಿಲ್ಲ. ಸೋಮವಾರ ಅಂಗಡಿಗೆ ಹೋದೆ. ವರ್ನ್ ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ನೊಲೀನ್, ನಮ್ಮೂರ ಹುಡುಗ ಟೀವೀಲಿ ಬರ್ತಾನೆ ಅಂತ ಸಮುದಾಯ ಭವನದಲ್ಲಿ ಪರದೆ ಕಟ್ಟಿದ್ವಿ. ಎಂಬತ್ತು ಕುರ್ಚಿ ಹಾಕಿದ್ವಿ."

"ಗೊತ್ತು ವರ್ನ್ ಅಣ್ಣ."

"ಸುದ್ದಿ ಬಂದ್ಮೇಲೆ ಅರ್ಧ ಜನ ಎದ್ದು ಹೋದ್ರು. ಕುರ್ಚಿ ಮಡಚಿಟ್ಟಿದ್ದು ನಾನೊಬ್ನೇ."

ಅಷ್ಟೇ ಹೇಳಿದ. ಬೈಯಲಿಲ್ಲ. ಬ್ರೆಡ್ಡು, ಹಾಲಿನ ಪುಡಿ ತಗೊಂಡು ಬಂದೆ. ದಾರಿಯಲ್ಲಿ ಇಬ್ಬರು ನನ್ನನ್ನು ಕಂಡು ಆ ಬದಿಗೆ ದಾಟಿದರು. ಎಲ್ವಾಳನ್ನು ಕೇಳಿದೆ, "ನೀನಾದ್ರೂ ಹೇಳು, ನಾನು ಮಾಡಿದ್ದು ತಪ್ಪಾ?" "ನೀನು ಮಾಡಿದ್ದು ಸರಿ" ಅಂದಳು. ಪಾತ್ರೆ ತೊಳೆಯುತ್ತಿದ್ದಳು, ಒಂದೆರಡು ತಟ್ಟೆ ತೊಳೆದ ಮೇಲೆ, "ಆದ್ರೆ ನಾನಾಗಿದ್ರೆ ಮಾಡ್ತಿರ್ಲಿಲ್ಲ" ಅಂದಳು.

ನನಗೆ ಸುಸ್ತಾಗಿದೆ ಡಾಲ್ಟನ್. ಜನರ ಮಾತಿಗಲ್ಲ. ನಿಮ್ಮಪ್ಪ ಬೆಳಿಗ್ಗೆ ಎದ್ದ ಕೂಡಲೇ ಹಳೆಯ ಬ್ಯಾಗು ಹೆಗಲಿಗೆ ಹಾಕಿ ಗೇಟಿನ ಹತ್ತಿರ ನಿಲ್ಲುತ್ತಾನೆ. "ಪಂದ್ಯ ಯಾವತ್ತು?" ಶನಿವಾರ ಅನ್ನುತ್ತೇನೆ. ಒಳಗೆ ಕರೆತಂದು ಅಂಗಿ ಬದಲಿಸಿ ತಿಂಡಿ ಕೊಟ್ಟು ಲೋಟ ತೊಳೆಯುವಷ್ಟರಲ್ಲಿ ಮತ್ತೆ ಗೇಟಿನ ಹತ್ತಿರ. ಮತ್ತೆ ಶನಿವಾರ ಅನ್ನುತ್ತೇನೆ. ಕೆಲವು ಸಲ ಅವನ ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತೇನೆ. ಅವನು ಬಸ್ಸಿಗೆ ಕಾಯುತ್ತಾನೆ. ನಾನು ನಿನ್ನ ಕಾರಿಗೆ.

ಒಂದು ಮುಖ್ಯ ವಿಷಯ. ಡಾಕ್ಟರು ರೊವೆನಾ ಎರಡು ಸಲ ಫೋನು ಮಾಡಿದ್ದಳು. ಮಾರ್ಚ್ ಒಂಬತ್ತು, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ಬ್ರಿಸ್ಬೇನ್‌ನಲ್ಲಿ ನಿನ್ನ ತಲೆಯ ಸ್ಕ್ಯಾನಿಗೆ ಸಮಯ ಗೊತ್ತುಮಾಡಿದ್ದಾಳೆ. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. "ಇದೊಂದೇ ಏಟಾದ್ರೆ, ಪೂರ್ತಿ ವಿಶ್ರಾಂತಿ ಕೊಟ್ರೆ, ಸಾಮಾನ್ಯವಾಗಿ ವಾಸಿಯಾಗುತ್ತೆ ಆಂಟಿ. ಎಲ್ಲ ಸರಿಯಿದ್ರೆ ಚಳಿಗಾಲದಲ್ಲಿ ಮತ್ತೆ ಆಡ್ಬಹುದು. ವಾಸಿಯಾಗೋ ಮುಂಚೆ ಅದರ ಮೇಲೆ ಇನ್ನೊಂದು ಬಿದ್ರೆ ಮಾತ್ರ ನಾನೇನೂ ಹೇಳಕ್ಕಾಗಲ್ಲ" ಅಂದಳು. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಎಲ್ವಾ ಚಿಕ್ಕಮ್ಮ ಬರುತ್ತಾಳೆ. ಅವಳೂ ಬೇಡದಿದ್ದರೆ ನಿನ್ನ ಗೆಳೆಯನನ್ನು ಕರೆದುಕೊಂಡು ಹೋಗು. ಒಬ್ಬನೇ ಕಾರು ಓಡಿಸಬೇಡ. ಹೋಗು, ಅಷ್ಟೆ. ನನ್ನ ಜೊತೆ ಮಾತು ಬಿಟ್ಟಿರು, ಪರವಾಗಿಲ್ಲ, ಆದರೆ ಹೋಗು.

ಕ್ಷಮಿಸು ಅಂತ ನಾನು ಬರೆಯುವುದಿಲ್ಲ. ಆ ತಿಂಡಿಯ ಹಾಲ್‌ಗೆ ನಾಳೆ ಬೆಳಿಗ್ಗೆ ಮತ್ತೆ ಇಳಿದು ಹೋಗು ಅಂದರೂ ಹೋಗುತ್ತೇನೆ, ಅದೇ ಮಾತು ಹೇಳುತ್ತೇನೆ. ಕೊಟ್ಟ ಮಾತು ಮುರಿದದ್ದಕ್ಕೆ ಮಾತ್ರ ತಲೆ ತಗ್ಗಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಿಗೆ ಟೋಪಿ ಹಾಕು. ನಮ್ಮ ಹಿರಿಯರು, ಈ ನೆಲದಲ್ಲಿ ಮಲಗಿರುವವರೆಲ್ಲ, ನೀನು ಹೋದಲ್ಲೆಲ್ಲ ನಿನ್ನ ಹಿಂದೆಯೇ ಇರಲಿ. ನೂರು ವರ್ಷ ಬಾಳು, ಬಾಳಿದ ಅಷ್ಟೂ ವರ್ಷ ನಿನಗೆ ನೆನಪಿರಲಿ.

ನಿನ್ನ ಅಮ್ಮ,
ನೊಲೀನ್

ತಾ.ಕ.: ಕವರಿಗೆ ಅಂಟು ಹಾಕಿದ್ದೆ. ಮತ್ತೆ ಬಿಚ್ಚಿದೆ.

ನೀನು ಐದು ತಿಂಗಳ ಕೂಸಾಗಿದ್ದಾಗ ನಿಮ್ಮಪ್ಪನ ತಂಡ ಫೈನಲ್‌ಗೆ ಬಂದಿತ್ತು. ಹಿಂದಿನ ವಾರದ ಆಟದಲ್ಲಿ ಅವನ ತಲೆಗೆ ಪೆಟ್ಟಾಗಿ, ಮನೆಯ ಮುಂದೆಯೇ ನಡೆದು ಮುಂದಕ್ಕೆ ಹೋದ, ಮನೆ ಗುರುತು ಸಿಗಲಿಲ್ಲ. ಎರಡು ದಿನ ನನ್ನನ್ನು ಅವನ ತಾಯಿಯ ಹೆಸರಿಂದ ಕರೆದ. ಶುಕ್ರವಾರ ಸ್ವಲ್ಪ ತಿಳಿಯಾಗಿದ್ದ. ಆಗ ಅವನೇ ಹೇಳಿದ, "ನೊಲೀನ್, ನಂಗೆ ಭಯ ಆಗ್ತಿದೆ. ಈ ಸಲ ಬೇಡ." ಅಂಥ ಮಾತು ಆ ಮನುಷ್ಯನ ಬಾಯಲ್ಲಿ ಅದೇ ಮೊದಲು, ಅದೇ ಕೊನೆ. ಬ್ರಿಸ್ಬೇನ್‌ನಿಂದ ದೊಡ್ಡ ತಂಡದವರು ನೋಡಲು ಬರುತ್ತಾರೆ ಅಂತ ಸುದ್ದಿ ಇತ್ತು. ನಾನು ಹಳದಿ ಬಣ್ಣದ ಹೊಸ ಬಟ್ಟೆ ಹೊಲಿಸಿಕೊಂಡಿದ್ದೆ. "ಇಡೀ ಊರು ಕಾಯ್ತಿದೆ, ಹೆಂಗಸಿನ ಥರ ಆಡ್ಬೇಡ" ಅಂದೆ. ಮಾರನೆಯ ದಿನ ಹೋದ. ಅರ್ಧ ಆಟದಲ್ಲಿ ಎರಡನೇ ಏಟು ಬಿತ್ತು. ಗೆದ್ದ ಕಪ್ಪು ಹಿಡಿದುಕೊಂಡು ನನ್ನ ಹತ್ತಿರ ಬಂದು ನಿನ್ನನ್ನು ನೋಡಿ, ಈ ಮಗು ಯಾರದು ಅಂತ ಕೇಳಿದ. ಆಮೇಲೆ ನೆನಪು ಬಂತು ಅನ್ನು. ಆದರೆ ಪೂರ್ತಿ ವಾಪಸು ಬರಲಿಲ್ಲ, ಅದು ನನಗೊಬ್ಬಳಿಗೆ ಗೊತ್ತಿತ್ತು.

ಎಲ್ವಾಳಿಗೂ ಹೇಳಿಲ್ಲ. ಅವನಿಗೆ ನೆನಪಿಲ್ಲ.

ಆ ಮಧ್ಯಾಹ್ನ ಆಟಕ್ಕೆ ಹೊರಡುವ ಹೊತ್ತಿಗೆ ಅವನ ಕೈಬೆರಳು ಮಾತು ಕೇಳುತ್ತಿರಲಿಲ್ಲ. ಬೂಟಿನ ದಾರ ಕಟ್ಟಲು ಬರಲಿಲ್ಲ. ನಾನೇ ಅವನ ಮುಂದೆ ನೆಲದ ಮೇಲೆ ಕೂತು ಎರಡೂ ಕಾಲಿಗೆ ಬಿಗಿಯಾಗಿ ಕಟ್ಟಿ, ಬೆನ್ನು ತಟ್ಟಿ ಕಳಿಸಿದೆ.